ಶಟ್‌ಡೌನ್ ಬೇರೆ, ಕರೆಂಟ್ ಹೋಗೋದು ಬೇರೆ

ಹೇಳದೆ ಕೇಳದೆ ಫ್ಯಾನ್ ನಿಂತರೆ ಅಮ್ಮ ‘ಕರೆಂಟ್ ಹೋಯ್ತು’ ಎನ್ನುತ್ತಿದ್ದಳು. ಅದಕ್ಕೆ ಯಾರೂ ಹೊಣೆಯಲ್ಲ. ಮೊದಲೇ ತಿಳಿಸಿ, ತಂತಿ ರಿಪೇರಿಗೆಂದು ಬೆಳಗ್ಗೆ ಒಂಬತ್ತಕ್ಕೆ ತೆಗೆದರೆ ಅದು ಶಟ್‌ಡೌನ್. ನಮ್ಮ ಗಡಿಯೂರಿಗೆ ಬರುವ ತಮಿಳು ಪತ್ರಿಕೆಯಲ್ಲಿ ಅದನ್ನೇ ‘ಮಿನ್‌ತಡೈ’ ಎಂದು ಹಾಕಿ, ಕೆಳಗೆ ಊರುಗಳ ಪಟ್ಟಿ ಕೊಡುತ್ತಾರೆ. ಅಮ್ಮನಿಗೆ ತಮಿಳು ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಓದಿ ಹೇಳುವುದು ನನ್ನ ಕೆಲಸ. ಹೇಳಿದ್ದೇ ತಡ, ನಾಳೆ ಹಬ್ಬವೇನೋ ಎಂಬಂತೆ ಓಡಾಡಿ ಹಿಟ್ಟು ರುಬ್ಬಿ, ಟ್ಯಾಂಕ್ ತುಂಬಿಸುತ್ತಿದ್ದಳು. ಯಾರಾದರೂ ಎರಡನ್ನೂ ಒಂದೇ ಮಾಡಿ ಮಾತಾಡಿದರೆ ರೇಗುತ್ತಿದ್ದಳು. “ಹೇಳಿ ತೆಗ್ಯೋದಕ್ಕೂ ಹೇಳ್ದೆ ಹೋಗೋದಕ್ಕೂ ವ್ಯತ್ಯಾಸ ಇಲ್ವಾ?”

ಕೊನೆಯ ಎರಡು ವರ್ಷ ಅಮ್ಮನ ಉಸಿರು ಆಕ್ಸಿಜನ್ ಯಂತ್ರದ ಮೇಲೆ ನಿಂತಿತ್ತು. ಯಂತ್ರಕ್ಕೆ ಕರೆಂಟ್ ಬೇಕು. ಶಟ್‌ಡೌನ್ ಇದೆಯೆಂದರೆ ಹಿಂದಿನ ದಿನವೇ ಆಕ್ಸಿಜನ್ ಸಿಲಿಂಡರ್ ತುಂಬಿಸಿ ತರಬೇಕಿತ್ತು.

ನಾನು ಟೀಚರ್. ಅವತ್ತು ಪತ್ರಿಕೆಯಲ್ಲಿ ಶಟ್‌ಡೌನ್ ಪಟ್ಟಿ ಬಂದಿತ್ತು. ಮರುದಿನ ಶಾಲೆಯಲ್ಲಿ ಪರೀಕ್ಷೆ, ಎಂಟಕ್ಕೇ ಅಲ್ಲಿರಬೇಕು. ಆ ಗಡಿಬಿಡಿಯಲ್ಲೇ ಪಟ್ಟಿಯಲ್ಲಿ ಆಲಸನತ್ತಂ ಹುಡುಕಿದೆ, ಕಾಣಲಿಲ್ಲ. “ನಮ್ದಿಲ್ಲಮ್ಮ” ಎಂದೆ. ನಾವಿರುವುದು ಆಲಸನತ್ತಂನಲ್ಲೇ ಆದರೂ ನಮ್ಮ ಹೊಸ ಬೀದಿಗೆ ತಂತಿ ಬರುವುದು ಪಕ್ಕದ ಬಡಾವಣೆಯಿಂದ. ನೋಡಬೇಕಾದದ್ದು ಆ ಬಡಾವಣೆಯ ಹೆಸರನ್ನು. ಬೀದಿಯವರಿಗೆಲ್ಲ ಇದು ಗೊತ್ತು. ನನಗೂ ಗೊತ್ತಿತ್ತು. ನೋಡಲಿಲ್ಲ, ಅಷ್ಟೇ.

ಒಂಬತ್ತಕ್ಕೇ ನಮ್ಮ ಬೀದಿಯ ಕರೆಂಟ್ ತೆಗೆದಿದ್ದರು. ಪಕ್ಕದ ಮನೆಯಾಕೆ ಶಾಲೆಗೆ ಫೋನ್ ಮಾಡಿದಾಗ ಹತ್ತು ದಾಟಿತ್ತು. ನಾನು ಬರುವಷ್ಟರಲ್ಲಿ ಸಿಲಿಂಡರಿನಲ್ಲಿ ಉಳಿದಿದ್ದದ್ದೂ ಮುಗಿದು, ಅಮ್ಮ ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡು ಕೂತಿದ್ದಳು. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು.

ಸಂಜೆ ಸೂಳಗಿರಿಯಿಂದ ಅಣ್ಣ ಬಂದ. ಬಂದವನೇ ನನ್ನತ್ತ ತಿರುಗಿ, “ಶಟ್‌ಡೌನಾ? ಪೇಪರ್ ನೋಡ್ಲಿಲ್ವಾ ನೀನು?” ಎಂದ. ಅಮ್ಮ ಮುಖದ ಮೇಲಿನ ಮಾಸ್ಕ್ ಸರಿಸಿದಳು.

“ಶಟ್‌ಡೌನ್ ಅಲ್ಲ ಕಣ್ಲಾ. ಕರೆಂಟ್ ಹೋಗ್ಬುಡ್ತು. ಅವ್ಳೇನ್ ಮಾಡ್ತಾಳೆ ಪಾಪ.”

ಅಷ್ಟು ಹೇಳುವುದಕ್ಕೇ ಅವಳಿಗೆ ಏದುಸಿರು ಬಂತು.

ನಾಲ್ಕನೇ ದಿನ ಅಮ್ಮ ತೀರಿಕೊಂಡಳು. ಮಾತಾಡಿಸಲು ಬಂದ ನೆಂಟರಿಗೆಲ್ಲ ಅಣ್ಣ, ಕರೆಂಟ್ ಹೋಗಿತ್ತು ಎಂದೇ ಹೇಳಿದ. ಈಗಲೂ ಹಾಗೇ ಹೇಳುತ್ತಾನೆ. ಅಮ್ಮನಾಗಿದ್ದರೆ ಅಲ್ಲೇ ತಡೆದು ತಿದ್ದುತ್ತಿದ್ದಳು. ನಾನು ಇನ್ನೂ ತಿದ್ದಿಲ್ಲ.