ಸಾಯೋ ಅಮ್ಮ ಎಣಿಸಿದ್ದು

ಶುಕ್ರವಾರ ಸತ್ತವಳು ಶನಿವಾರ ತರಕಾರಿ ಆರಿಸುತ್ತಾಳೆ ಎಂದು ಕೇರಿಯವರು ಅವಳ ಬಗ್ಗೆ ನಗುತ್ತಿದ್ದರು. ಅವಳ ಕೆಲಸವೇ ಅಂಥದ್ದು. ಮೂವತ್ತು ವರ್ಷ ಸಿನಿಮಾಗಳಲ್ಲಿ ನಾಯಕನ ತಾಯಿಯಾಗಿ ಸಾಯುವುದೇ ಹೊಟ್ಟೆಪಾಡು. ಹೆಸರು ಹೇಳಿದರೆ ಯಾರಿಗೂ ಗುರುತು ಹತ್ತದು. ಸಾಯೋ ಅಮ್ಮ ಎಂದರೆ ಮಕ್ಕಳೂ ಮನೆ ತೋರಿಸುತ್ತಿದ್ದವು.

ಆ ಕಥೆಗಳೆಲ್ಲ ಒಂದೇ ಅಚ್ಚಿನವು. ಕೇಡಿ ಬರಬೇಕು, ತಾಯಿ ಮಗನ ತೊಡೆಯ ಮೇಲೆ ಸಾಯಬೇಕು, ಮಗ ಸೇಡು ತೀರಿಸಿಕೊಳ್ಳಬೇಕು. ತಾಯಿ ನರಳಲು ಶುರುಮಾಡಿದಳೆಂದರೆ ಜನ ಸಿಗರೇಟು ಹಚ್ಚಲು ಹೊರಗೆ ಹೋಗುವುದು ರೂಢಿ. ಇವಳು ಸಾಯುವಾಗ ಮಾತ್ರ ಕೂತೇ ಇರುತ್ತಿದ್ದರು. ಗುಟ್ಟೇನೂ ದೊಡ್ಡದಲ್ಲ. ಶೂಟಿಂಗಿಗೆ ಮುಂಚೆ ಸೆಟ್ಟಿನ ಸುಳ್ಳು ಮನೆಯನ್ನೆಲ್ಲ ಸುತ್ತಿ, ಇಲ್ಲಿ ಉಪ್ಪಿನ ಡಬ್ಬಿ ಎಲ್ಲಿಡುತ್ತಾರೆ, ಒಗೆದ ಬಟ್ಟೆ ಎಲ್ಲಿ ಹರವುತ್ತಾರೆ ಎಂದು ಕೇಳುತ್ತಿದ್ದಳು. ಪ್ರಾಣ ಹೋಗುವಾಗಲೂ ಅವಳ ಕೈ ಮನೆಗೆಲಸ ಹುಡುಕುತ್ತಿತ್ತು. ಎದೆಗೆ ಗುಂಡು ಬಿದ್ದವಳು ಒಮ್ಮೆ ಮಗನ ಮಡಚಿಕೊಂಡಿದ್ದ ಕಾಲರನ್ನು ಸರಿಮಾಡಿ ಕಣ್ಣು ಮುಚ್ಚಿದಳು.

ಎಪ್ಪತ್ತು ದಾಟಿದ ಮೇಲೆ ಮಾತು ಮರೆಯತೊಡಗಿತು. ಕೊನೆಯ ಸಿನಿಮಾದಲ್ಲಿ ಹೊಸ ನಿರ್ದೇಶಕ ಅರ್ಧ ಪುಟದ ಸೇಡಿನ ಮಾತು ಕೊಟ್ಟಿದ್ದ. ಸರಾಗವಾಗಿ ಹೇಳಿದಳು, ಎಲ್ಲರೂ ತಲೆದೂಗಿದರು. ಪುಟ ಹಿಡಿದಿದ್ದ ಸಹಾಯಕಿ ಮಾತ್ರ ಬೆವತಳು: ಅದು ಹತ್ತು ವರ್ಷದ ಹಿಂದಿನ ಬೇರೊಂದು ಸಿನಿಮಾದ ಮಾತು. ಕೇಡಿಯ ಹೆಸರೊಂದು ಬಿಟ್ಟರೆ ಉಳಿದದ್ದೆಲ್ಲ ಚೆನ್ನಾಗಿಯೇ ಹೊಂದಿತ್ತು. ಇನ್ನೂ ಐದು ಸಲ ತೆಗೆದರು. ಐದು ಸಲವೂ ಒಂದೊಂದು ಹಳೆಯ ಸಿನಿಮಾ.

ನಿರ್ದೇಶಕ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. "ಅಮ್ಮ, ಸುಮ್ನೆ ಒಂದು ಎರಡು ಮೂರು ಅಂತ ಎಣಿಸ್ಕೊಂಡು ಹೋಗಿ. ತುಟಿ ಅಲ್ಲಾಡಿದ್ರೆ ಸಾಕು. ಮಾತು ಆಮೇಲೆ ಬೇರೆಯವರ ಹತ್ರ ಹಾಕಿಸ್ತೀವಿ."

ಮಾತು ನೆನಪಿರದವರಿಗೆ ಈ ಉಪಾಯ ಅಲ್ಲಿ ಹೊಸದಲ್ಲ. ಇವಳು ಮಾತ್ರ ಎಂದೂ ಎಣಿಸಿದವಳಲ್ಲ. ಬೇರೆಯವರ ದನಿಯಲ್ಲಿ ಸಾಯುವುದಕ್ಕಿಂತ ಎದ್ದು ಮನೆಗೆ ಹೋಗುವುದೇ ವಾಸಿ ಎನ್ನಿಸಿತು. ಆದರೂ ನಾಯಕನ ತೊಡೆಯ ಮೇಲೆ ಮತ್ತೆ ತಲೆಯಿಟ್ಟಳು.

ಅವನ ಎರಡೂ ಕೈ ಎಳೆದುಕೊಂಡು, ಹೆಬ್ಬೆರಳು ಹಿಡಿದು "ಒಂದು" ಎಂದಳು. ಆಗಷ್ಟೇ ಹೆತ್ತ ಮಗುವಿನ ಬೆರಳೆಲ್ಲ ನೆಟ್ಟಗಿವೆಯೇ ಎಂದು ನೋಡುವ ಬಾಣಂತಿಯ ಹಾಗೆ ಒಂದೊಂದನ್ನೇ ಮುಟ್ಟುತ್ತ ಹೋದಳು. ಎಂಟಕ್ಕೆ ಉಸಿರು ನಿಂತಿತು. ಅರಚಬೇಕಿದ್ದ ನಾಯಕ ಉಳಿದೆರಡು ಬೆರಳು ಚಾಚಿಕೊಂಡೇ ಕೂತ. ಕಟ್ ಹೇಳುವುದು ನಿರ್ದೇಶಕನಿಗೆ ಮರೆತುಹೋಯಿತು.

ಮನೆಗೆ ಬಂದವಳಿಗೆ ಒಂದೇ ಚಿಂತೆ, ಆ ಎಣಿಕೆಯ ಮೇಲೆ ಯಾರದೋ ದನಿ ಕೂರಿಸುತ್ತಾರಲ್ಲ ಎಂದು. ಬಟ್ಟೆ ಹೊಲಿಯುವ ಮಗಳ ಹತ್ತಿರ ಆ ಅರ್ಧ ಪುಟವನ್ನು ದಿನಾ ಓದಿಸಿಕೊಂಡಳು. ಬೆಳಿಗ್ಗೆ ಕಲಿತದ್ದು ಊಟದ ಹೊತ್ತಿಗೆ ಇಲ್ಲ.

"ಬಿಡಮ್ಮ, ಸತ್ತಾಯ್ತಲ್ಲ" ಎಂದು ಮಗಳು ನಗಿಸಲು ನೋಡಿದಳು.

"ಸತ್ತಿದ್ದು ನಾನು ಕಣೇ. ಮಾತಾಡೋದು ಇನ್ಯಾರೋ ಆಗಬಾರ್ದು."

ಒಂದು ಬೆಳಿಗ್ಗೆ ನಿರ್ದೇಶಕನೇ ಬಂದ. ಜೋಡಿಸಿ ನೋಡಿದೆವು, ಆ ಜಾಗದಲ್ಲಿ ಸೇಡಿನ ಮಾತು ನಿಲ್ಲುತ್ತಿಲ್ಲ ಎಂದು ಒಳಗೆ ಕಾಲಿಡುವ ಮುಂಚೆಯೇ ಹೇಳಿದ. ಹೊಡೆದಾಟ, ಹಾಡು ಎಲ್ಲ ಹಾಗೇ ಇವೆಯಂತೆ. ಮಗ ಯಾಕೆ ಹೊಡೆಯುತ್ತಾನೆ ಎನ್ನುವುದು ಮಾತ್ರ ಈಗ ನೋಡುವವನಿಗೆ ನಾಟುತ್ತದಂತೆ. ಆದರೆ ಅಂದು ಹಿಡಿದ ದನಿ ಜನರೇಟರ್ ಗದ್ದಲದಲ್ಲಿ ಕೆಟ್ಟಿದೆಯಂತೆ.

"ಒಂದರಿಂದ ಎಂಟು, ನಿಮ್ಮ ದನೀಲೇ ಬೇಕಮ್ಮ. ಬರ್ತೀರಾ?"

ಬಟ್ಟೆ ಬದಲಿಸಿ ಬಂದಳು. ಅರ್ಧ ಪುಟವನ್ನು ಚೀಲಕ್ಕೆ ಹಾಕಲು ಹೋದ ಮಗಳಿಗೆ ಬೇಡವೆಂದಳು. ಆ ದಿನದ ನಂತರ ಕೆಲಸಕ್ಕೆಂದು ಅವಳು ಮತ್ತೆ ಆ ಹೊಸಿಲು ದಾಟಲಿಲ್ಲ. ಅಂದು ಮಾತ್ರ, ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ, ಯಾರ ಆಸರೆಯನ್ನೂ ಕೇಳದೆ ಮೆಟ್ಟಿಲಿಳಿದು ಹೋಗಿ ಕಾರಿನಲ್ಲಿ ಕೂತಳು.