ಗ್ರೇಸ್ ಟೀಚರ್ ಹೇಳಿದ ಕಾಗೆಯ ಕಥೆ

ಗ್ರೇಸ್ ಟೀಚರ್ ಕುಳಿತು ಕಥೆ ಹೇಳಿದ್ದನ್ನು ನಾನು ಕಂಡೇ ಇಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಯಾರೋ ಜಗಳಕ್ಕೆ ಬರುತ್ತಿದ್ದಾರೆ ಎಂಬಂತೆ ಬಾಗಿಲ ಕಡೆಗೊಂದು ಕಣ್ಣಿಟ್ಟು, ನಿಂತೇ ಹೇಳುತ್ತಿದ್ದರು. ಮೈಸೂರು ಕಡೆಯ ಕ್ರೈಸ್ತರು. ಗಂಡನ ರೈಲ್ವೆ ಕೆಲಸದಿಂದಾಗಿ ಮದ್ರಾಸಿಗೆ ಬಂದು, ಪಲ್ಲಾವರಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ಮೂರನೇ ಕ್ಲಾಸಿನಲ್ಲಿ ನನಗೆ ಪಾಠ ಹೇಳಿದವರೂ ಅವರೇ.

ಅವರಿಗೆ ಪ್ರಾಣದಂಥ ಕಥೆಯೊಂದಿತ್ತು. ಕಾಗೆಯ ಗೂಡಿನಲ್ಲಿ ಕೋಗಿಲೆ ಮೊಟ್ಟೆಯಿಟ್ಟು ಹಾರಿಹೋಗುತ್ತದೆ. ‘ನಿನ್ನದಲ್ಲ, ಆಚೆ ತಳ್ಳು’ ಎಂದು ಮರದ ಹಕ್ಕಿಗಳೆಲ್ಲ ಹೇಳಿದರೂ ಕಾಗೆ ಕೇಳದೆ ಕಾವು ಕೊಡುತ್ತದೆ. ನಮಗೆ ಅದು ಹಕ್ಕಿಗಳ ಕಥೆ, ಅಷ್ಟೇ. ಟೀಚರ್ ಮಾತ್ರ ಅಲ್ಲಿಗೆ ಬಿಡುತ್ತಿರಲಿಲ್ಲ.

“ಆ ಮೊಟ್ಟೆ ಅಂದ್ರೆ ತಾಯಿ ಹೊಟ್ಟೇಲಿರೋ ಪಾಪು, ಮಕ್ಕಳೇ. ಕಣ್ಣಿಗೆ ಕಾಣ್ಸಲ್ಲ ಅಂತ ಇಲ್ಲ ಅನ್ನೋಕಾಗುತ್ತಾ? ಕರ್ತರು ಕೊಟ್ಟ ಜೀವ. ತಳ್ಳೋಕೆ ನಾವ್ಯಾರು?”

ಯಾರೋ ತಂದೆತಾಯಿ ದೂರು ಕೊಟ್ಟರು. ಹೆಡ್‌ಮಾಸ್ಟರ್ ಕ್ಲಾಸಿಗೇ ಬಂದು, “ಟೀಚರ್, ಕಥೆ ಮಾತ್ರ ಸೊಲ್ಲುಂಗ, ಉಪದೇಶಂ ವೇಂಡಾಂ” ಎಂದರು, ಕಥೆಯಷ್ಟೇ ಹೇಳಿ, ಉಪದೇಶ ಬೇಡ ಎಂದು.

“ಅರ್ಥ ಇಲ್ಲದ ಕಥೆ ಯಾಕೆ ಸಾರ್ ಹೇಳ್ಬೇಕು?” ಎಂದು ಟೀಚರ್ ತಮಿಳಿನಲ್ಲೇ ತಿರುಗಿಸಿ ಕೇಳಿದರು. ಕ್ಷಮೆ ಕೇಳಿ ಎಂದಾಗ ಟಿಫಿನ್ ಡಬ್ಬಿ, ಕೊಡೆ ತೆಗೆದುಕೊಂಡು ಹೊರಟವರು ಆ ಸ್ಕೂಲಿನ ಮೆಟ್ಟಿಲು ಮತ್ತೆ ಹತ್ತಲಿಲ್ಲ. ತಮ್ಮ ಮನೆಯ ವರಾಂಡದಲ್ಲಿ ಟ್ಯೂಷನ್ ಶುರು ಮಾಡಿದರು. ಮೊದಲ ದಿನವೇ ಕಾಗೆಯ ಕಥೆ!

ಕೆಲವು ವರ್ಷಗಳ ಮೇಲೆ ನನ್ನ ಅಕ್ಕ ಸುಮಾ, ಇನ್ನೂ ತೆವಳುವ ಮಗುವನ್ನು ಎತ್ತಿಕೊಂಡು ಅಮ್ಮನ ಮನೆಗೆ ಬಂದಳು. ಮತ್ತೆ ಬಸಿರಾಗಿದ್ದಳು. ಬ್ಯಾಂಕಿನ ಕೆಲಸ ಆಗಷ್ಟೇ ಸಿಕ್ಕಿತ್ತು. ತೆಗೆಸುತ್ತೇನೆಂದು ಗಟ್ಟಿಯಾಗಿ ಹೇಳಿದಳು. ಅಮ್ಮ ಕಂಗಾಲಾಗಿ ಟೀಚರನ್ನು ಕರೆತಂದರು.

“ಬೇಡಮ್ಮಾ ಸುಮಾ,” ಎಂದರು ಟೀಚರ್. “ಹೆತ್ತು ಕೊಡು, ನಾನು ಸಾಕ್ತೀನಿ. ಬಾಯಿಮಾತಿಗೆ ಹೇಳ್ತಿಲ್ಲ.”

ಅಕ್ಕ ತಲೆಯೆತ್ತಿದಳು. “ನಿಮ್ಮ ಕಥೇಲಿ ಎಲ್ಲಾ ಹಕ್ಕಿಗಳೂ ಮಾತಾಡ್ತಾವೆ ಟೀಚರ್. ನಿನಗೆ ಆಗುತ್ತಾ ಅಂತ ಕಾಗೇನ ಯಾರಾದ್ರೂ ಕೇಳಿದ್ರಾ? ಒಂಬತ್ತು ತಿಂಗಳು ಹೊರೋಳು ನಾನು.”

ಟೀಚರ್ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿಕೊಂಡರು. “ಕಾಗೆಗೆ ಇಷ್ಟ ಇತ್ತು ಅಂತ್ಲೇ ನಾನು ಅಂದ್ಕೊಂಡಿದ್ದೆ,” ಎಂದು ಎದ್ದು ಹೋದರು.

ಅಕ್ಕ ತಾನು ಹೇಳಿದಂತೆಯೇ ಮಾಡಿದಳು. ಆಸ್ಪತ್ರೆಯಿಂದ ಬಂದ ದಿನ ಅಮ್ಮ ಮುಖ ತಿರುಗಿಸಿ ಅಡುಗೆಮನೆ ಸೇರಿದರು. ಬಿಸಿ ಗಂಜಿಯ ಪಾತ್ರೆ ಹಿಡಿದು ಬಂದವರು ಟೀಚರ್. ಅಕ್ಕ ಮಂಚದ ಮೇಲೆಯೇ ಸೆಟೆದು ಕುಳಿತಳು.

“ಬೈಯೋಕೆ ಬಂದ್ರಾ?”

“ನೀನು ಮಾಡಿದ್ದು ತಪ್ಪು. ಇವತ್ತೂ ಹೇಳ್ತೀನಿ, ನಾಳೇನೂ ಹೇಳ್ತೀನಿ. ಅದಕ್ಕೆ ನೀನು ಉಪವಾಸ ಬೀಳ್ಬೇಕಾ? ತಿನ್ನು.”

“ತಪ್ಪಲ್ಲ ಅಂತ ನಾನೂ ನಾಳೆ ಹೇಳ್ತೀನಿ,” ಎನ್ನುತ್ತಲೇ ಅಕ್ಕ ಗಂಜಿ ಕುಡಿದಳು. ಟೀಚರ್ ಮಗುವನ್ನು ತಮ್ಮ ಮನೆಗೆ ಎತ್ತಿಕೊಂಡು ಹೋದರು. ಅಕ್ಕ ಕೆಲಸಕ್ಕೆ ಸೇರಿದ ಮೇಲೂ ಹಗಲೆಲ್ಲ ಅವನು ಇದ್ದದ್ದು ಅಲ್ಲಿಯೇ. ಸಂಜೆ ಅಕ್ಕ ಅವನನ್ನು ಕರೆದೊಯ್ಯಲು ಬಂದಾಗ ಇಬ್ಬರಿಗೂ ಅದೇ ವಾದ. ಒಬ್ಬರೂ ಒಂದಿಂಚು ಸರಿಯಲಿಲ್ಲ.

ಟೀಚರ್ ತೀರಿಕೊಂಡಾಗ ಚರ್ಚಿನಲ್ಲಿ ಅಕ್ಕ ಮನೆಯವರ ಸಾಲಿನಲ್ಲಿಯೇ ಹೋಗಿ ನಿಂತಳು. ಪಕ್ಕದಲ್ಲಿದ್ದ ಹೆಂಗಸು, “ನೀಂಗ ಸೊಂದಮಾ?” ಎಂದು, ಸಂಬಂಧಿಕಳೇ ಎಂದು ಕೇಳಿದಳು.

“ಅಲ್ಲ,” ಎಂದಳು ಅಕ್ಕ, ಕಣ್ಣೊರೆಸಿಕೊಳ್ಳದೆ. “ಅವರ ಜೊತೆ ದಿನಾ ಜಗಳ ಆಡ್ತಿದ್ದೋಳು.” ಅಲ್ಲಿಂದ ಕದಲಲಿಲ್ಲ.