ಪೆಟ್ಟಿಗೆಯ ಬಗ್ಗೆ ನನ್ನ ಅಭಿಪ್ರಾಯ

ಮಡಿಕೇರಿಯ ವಾಚನಾಲಯಕ್ಕೆ ಬೆಳಿಗ್ಗೆ ಪತ್ರಿಕೆ ಓದಲು ಬರುವ ನಾವು ನಾಲ್ಕೈದು ಮಂದಿ ನಿವೃತ್ತರು. ಈಚೆಗೆ ಅಲ್ಲಿ ಒಂದು ವಾದ ಹತ್ತಿಕೊಂಡಿದೆ. ಸರಕಾರಿ ಕಚೇರಿಗಳ ಕಂಪ್ಯೂಟರುಗಳಿಗೆ ಕಂಪನಿ ಬೀಗ ಹಾಕಿ ಮಾರುವ ತಂತ್ರಾಂಶ ಒಳ್ಳೆಯದೋ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶ ಒಳ್ಳೆಯದೋ ಎಂಬುದು ವಿಷಯ. ವಾದಿಸುವವರಲ್ಲಿ ಒಬ್ಬರೂ ಕಂಪ್ಯೂಟರ್ ಮುಟ್ಟಿದವರಲ್ಲ. ಅದರಿಂದ ವಾದಕ್ಕೇನೂ ತೊಂದರೆಯಾಗಿಲ್ಲ. ಮೊನ್ನೆ ನನ್ನ ಅಭಿಪ್ರಾಯ ಕೇಳಿದರು. ಕನ್ನಡಕ ಒರೆಸಿಕೊಂಡು, ನನಗೆ ಗೊತ್ತಿಲ್ಲಪ್ಪ ಎಂದೆ. ಅದು ಪೂರ್ತಿ ನಿಜವಲ್ಲ. ಇಂಥದ್ದೇ ಒಂದು ವಿಷಯದಲ್ಲಿ ನಾನು ಸರಕಾರಕ್ಕೆ ಅಭಿಪ್ರಾಯ ಬರೆದುಕೊಟ್ಟವನು. ಆಗ ವಿಷಯ ಕಂಪ್ಯೂಟರ್ ಅಲ್ಲ, ಜೇನುಪೆಟ್ಟಿಗೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಜೇನುಸಾಕಣೆಯ ಡೆಮಾನ್‌ಸ್ಟ್ರೇಟರ್. ಸೈಕಲ್ಲಿಗೆ ಹೊಗೆಡಬ್ಬಿ ಕಟ್ಟಿಕೊಂಡು ಸುಂಟಿಕೊಪ್ಪದ ಸುತ್ತಿನ ಮನೆಗಳಿಗೆ ಹೋಗುವುದು, ಪೆಟ್ಟಿಗೆ ಬಿಚ್ಚಿ ತೋರಿಸುವುದು, ಕಾಫಿ ಕುಡಿಯುವುದು, ಬಂದು ವರದಿ ಬರೆಯುವುದು ನನ್ನ ಕೆಲಸ. ಮೊದಲು ಮೇಲಿನ ಅಧಿಕಾರಿಯನ್ನು ಕಾಣಬೇಕೆಂದರೆ ರಸ್ತೆ ದಾಟಿದರೆ ಸಾಕಿತ್ತು. ವಿಲೀನವಾದ ಮೇಲೆ ಕಾಗದ ಬೆಂಗಳೂರಿಗೆ ಹೋಗಿ, ಅಲ್ಲಿ ನಾಲ್ಕು ಮೇಜು ಸುತ್ತಿ, ಮನಸ್ಸಾದರೆ ತಿರುಗಿ ಬರುತ್ತಿತ್ತು. ಎಲ್ಲ ವ್ಯವಹಾರವೂ ಇಂಗ್ಲಿಷಿನಲ್ಲಿ.

ನಮ್ಮ ಕಡೆ ಎಲ್ಲರೂ ಇಡುತ್ತಿದ್ದುದು ಒಂದೇ ಅಳತೆಯ ಮರದ ಪೆಟ್ಟಿಗೆ. ಅದರ ನಕ್ಷೆ ಕಚೇರಿಯ ಗೋಡೆಯ ಮೇಲೆ ಅಂಟಿಸಿತ್ತು. ಬೇಕಾದವರು ಬಂದು ಕಾಗದ ಇಟ್ಟು ಬರೆದುಕೊಂಡು ಹೋಗಬಹುದು, ಊರಿನ ಆಚಾರಿಯ ಕೈಲಿ ಮಾಡಿಸಿಕೊಳ್ಳಬಹುದು. ಒಳಗೆ ಸಾಲಾಗಿ ತೂಗುಹಾಕುವ ಚೌಕಟ್ಟುಗಳಲ್ಲಿ ಜೇನುನೊಣಗಳು ಮೇಣದ ಎರಿ ಕಟ್ಟುತ್ತವೆ. ಯಾವುದಾದರೂ ಮನೆಯಲ್ಲಿ ರಾಣಿ ಸತ್ತು ಕುಟುಂಬ ಅನಾಥವಾದರೆ ಪಕ್ಕದ ಮನೆಯಿಂದ ಮೊಟ್ಟೆಯಿರುವ ಒಂದು ಚೌಕಟ್ಟನ್ನು ತಂದು ಇದರಲ್ಲಿ ಇಳಿಸುವುದು ರೂಢಿ. ಆ ಮೊಟ್ಟೆಗಳಲ್ಲಿ ಒಂದನ್ನು ನೊಣಗಳು ಸಾಕಿ ಹೊಸ ರಾಣಿ ಮಾಡಿಕೊಳ್ಳುತ್ತವೆ. ಮೊಸರಿಗೆ ಹೆಪ್ಪು ತಂದ ಹಾಗೆ ಜನ ಎರಿ ತರುತ್ತಿದ್ದರು. ಯಾರೂ ಲೆಕ್ಕ ಇಡುತ್ತಿರಲಿಲ್ಲ.

ಹಾಗೆಂದು ಆ ಪೆಟ್ಟಿಗೆಯನ್ನು ಹೊಗಳಲು ನಾನು ತಯಾರಿರಲಿಲ್ಲ. ಎಲ್ಲರ ಪೆಟ್ಟಿಗೆ ಎಂದ ಮೇಲೆ ಅದರ ಹೊಣೆ ಯಾರದೂ ಅಲ್ಲ. ಒಬ್ಬ ಆಚಾರಿ ಹಸಿಮರ ಹಾಕುತ್ತಿದ್ದ, ಬೇಸಿಗೆಗೆ ಹಲಗೆ ಬಾಯಿ ಬಿಡುತ್ತಿತ್ತು. ಇನ್ನೊಬ್ಬ ನಕ್ಷೆಯನ್ನು ಒಮ್ಮೆ ನೋಡಿ, ಆಮೇಲೆಲ್ಲ ಅಂದಾಜಿನಲ್ಲೇ ನಡೆಸುತ್ತಿದ್ದ. ನಾನು ಹೇಳಿ ಹೇಳಿ ಸೋತಿದ್ದೆ. ಅಂಥ ಹೊತ್ತಿನಲ್ಲಿ ಹೊರಗಿನ ಒಂದು ಕಂಪನಿಯ ಪೆಟ್ಟಿಗೆ ಹುಲ್ಲು ಸುತ್ತಿಕೊಂಡು ಲಾರಿಯಲ್ಲಿ ಬಂತು. ಉಜ್ಜಿ ನುಣುಪು ಮಾಡಿದ ಮರ, ಎಲ್ಲಿಯೂ ಕೂದಲು ತೂರದ ಸಂದು, ಚೌಕಟ್ಟಿನ ತುದಿಗಳಿಗೆ ತಗಡು. ನಮ್ಮ ಪೆಟ್ಟಿಗೆಗಿಂತ ಅಗಲ. ಅಳತೆ ಕಂಪನಿಯದೇ, ಬೇರೆ ಯಾವ ಚೌಕಟ್ಟೂ ಅದರಲ್ಲಿ ಕೂರುವುದಿಲ್ಲ. ತೆಗೆದುಕೊಳ್ಳುವವರು ಒಂದು ಒಪ್ಪಂದಕ್ಕೆ ರುಜು ಹಾಕಬೇಕು: ಮೊಳೆ ಹೊಡೆಯಬಾರದು, ಒಳಗೆ ಬೇರೆ ಹಲಗೆಯಾಗಲಿ ಎರಿಯಾಗಲಿ ಇಡಬಾರದು. ಮೂರು ವರ್ಷ ಪೆಟ್ಟಿಗೆ ಕಂಪನಿಯದು. ಮುರಿದದ್ದನ್ನು ಕಂಪನಿ ಬದಲಿಸಿಕೊಡುತ್ತದೆ, ಜೇನನ್ನೂ ಅದೇ ಕೊಳ್ಳುತ್ತದೆ. ಒಪ್ಪಂದ ತಪ್ಪಿದರೆ ಎರಡೂ ಇಲ್ಲ, ಪೆಟ್ಟಿಗೆಯೂ ವಾಪಸು.

ಸರಕಾರದ ಸಹಾಯ ಇನ್ನು ಮುಂದೆ ಯಾವ ಪೆಟ್ಟಿಗೆಗೆ ಕೊಡಬೇಕು ಎಂದು ಬೆಂಗಳೂರಿನಿಂದ ಪತ್ರ ಬಂತು. ಸ್ಥಳದ ಡೆಮಾನ್‌ಸ್ಟ್ರೇಟರ್ ಒಂದು ಪುಟ ಮೀರದಂತೆ ತನ್ನ ಅಭಿಪ್ರಾಯ ಕಳಿಸತಕ್ಕದ್ದು. ನನ್ನನ್ನು ಅದುವರೆಗೆ ಯಾರೂ ಅಭಿಪ್ರಾಯ ಕೇಳಿರಲಿಲ್ಲ, ಮನೆಯಲ್ಲಿ ಕೂಡ. ಚೆಟ್ಟಳ್ಳಿಯ ಒಂದು ಎಸ್ಟೇಟಿನಲ್ಲಿ ಎರಡು ಬಗೆಯನ್ನೂ ಅಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿದೆ. ಕಾಫಿ ಹೂವಾಗಿ, ಕಾಡಿನ ಮರಗಳೂ ಹೂ ಬಿಟ್ಟಿದ್ದ ಕಾಲ. ಕಂಪನಿಯ ಪೆಟ್ಟಿಗೆ ಅಗಲವಿದ್ದುದರಿಂದ ಜೇನು ಹೆಚ್ಚು ತುಂಬಿತು. ಬೇಸಿಗೆಯಲ್ಲಿ ನೋಡಿ ಬೇಸಿಗೆಯಲ್ಲೇ ಬರೆದೆ. ಈ ಊರಿನಲ್ಲಿ ಯಾವುದನ್ನೇ ಆಗಲಿ ಮಳೆಗಾಲ ಕಳೆಯದೆ ಒಳ್ಳೆಯದು ಎನ್ನಬಾರದೆಂಬುದು ಇಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಪತ್ರಕ್ಕೆ ಗಡುವು ಇತ್ತು, ನನಗೆ ಉತ್ಸಾಹ ಇತ್ತು.

ನಿಘಂಟು ಪಕ್ಕದಲ್ಲಿಟ್ಟುಕೊಂಡು ನಾಲ್ಕು ದಿನ ಆ ಪುಟವನ್ನು ತಿದ್ದಿದೆ. ಅದರಲ್ಲಿ ಒಂದು ವಾಕ್ಯದ ಮೇಲೆ ನನಗೆ ತುಂಬ ಪ್ರೀತಿ. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು: ‘ಸಾಕುವವರಿಗೆ ಪೆಟ್ಟಿಗೆ ತಿದ್ದುವ ಸ್ವಾತಂತ್ರ್ಯ ಕೊಡುವುದೆಂದರೆ ಅವರ ಅಜ್ಞಾನಕ್ಕೆ ಅಧಿಕಾರ ಕೊಟ್ಟಂತೆ.’ ಬರೆದು ಮುಗಿಸಿ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಮರುವರ್ಷದಿಂದ ಸಹಾಯ ಕಂಪನಿಯ ಪೆಟ್ಟಿಗೆಗೆ ಮಾತ್ರ, ಒಪ್ಪಂದಕ್ಕೆ ವಿನಾಯಿತಿ ಬೇಕಾದವರು ಇಲಾಖೆಯ ಅನುಮತಿ ಪಡೆಯಬೇಕು ಎಂದಾಯಿತು.

ಸುಂಟಿಕೊಪ್ಪದಿಂದ ಒಂದು ಮೈಲಿ ಒಳಗೆ ನನ್ನ ತಾಯಿಯ ಕಡೆಯಿಂದ ದೂರದ ನೆಂಟರೊಬ್ಬರ ಮನೆ. ಮನೆಯಲ್ಲಿ ಅರೆಭಾಷೆ ಆಡುವವರು. ಆ ಮನೆಯ ಹೆಂಗಸನ್ನು ನಾನು ಅಕ್ಕ ಎನ್ನುತ್ತಿದ್ದೆ. ಗದ್ದೆ, ಕಾಫಿ ಎಲ್ಲ ಗಂಡ ಮತ್ತು ಮೈದುನರ ಕೈಯಲ್ಲಿ. ಆ ಮನೆಯಲ್ಲಿ ಅಕ್ಕ ಯಾರನ್ನೂ ಕೇಳದೆ ತೀರ್ಮಾನ ಮಾಡಬಹುದಾಗಿದ್ದ ಒಂದೇ ವಿಷಯವೆಂದರೆ ಆರು ಪೆಟ್ಟಿಗೆ ಜೇನು. ಸೂರಿನ ಕೆಳಗೆ ಸಾಲಾಗಿ ಇಟ್ಟುಕೊಂಡಿದ್ದರು. ಯಾವ ಪೆಟ್ಟಿಗೆ ಇಡಲಿ ಎಂದು ನನ್ನನ್ನು ಕೇಳಿದರು. ಕಂಪನಿಯದು ಎಂದೆ, ಎರಡು ಮಾತಿಲ್ಲದೆ. ಆರನ್ನೂ ಬದಲಿಸಿದರು. ಹಳೆಯ ಪೆಟ್ಟಿಗೆಗಳನ್ನು ಪಕ್ಕದ ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿದ್ದ ವಾಚ್‌ಮ್ಯಾನಿಗೆ ಕೊಟ್ಟುಬಿಟ್ಟರು. ಮಲಯಾಳಿ ಮುದುಕ, ಜೇನಿನ ಹುಚ್ಚು ಅವನಿಗೂ ಇತ್ತು.

ಆ ಬೇಸಿಗೆಯಲ್ಲಿ ಅಕ್ಕನ ಮನೆಗೆ ಹೋದಾಗಲೆಲ್ಲ ನನಗೆ ರಾಜೋಪಚಾರ. ಜೂನಿನಲ್ಲಿ ಮಳೆ ಹಿಡಿಯಿತು. ಜುಲೈಯಲ್ಲಿ ಒಂದು ದಿನ ಅಕ್ಕ ನನ್ನನ್ನು ಕರೆದು ಮುಚ್ಚಳ ತೆಗೆದು ತೋರಿಸಿದರು. ಮಳೆಗೆ ನೊಣ ಕಡಿಮೆಯಾಗಿ ಒಂದು ಮೂಲೆಯಲ್ಲಿ ಒಂದು ಹಿಡಿಯಷ್ಟು ಮುದುಡಿ ಕೂತಿದ್ದವು. ಉಳಿದ ಅಗಲವೆಲ್ಲ ಖಾಲಿ, ಶೀತ, ಬೂಷ್ಟು. ಅಷ್ಟು ದೊಡ್ಡ ಕೋಣೆಯನ್ನು ಬೆಚ್ಚಗಿಡುವ ಶಕ್ತಿ ಅವಕ್ಕಿರಲಿಲ್ಲ. ಹಳೆಯ ಪೆಟ್ಟಿಗೆಯಲ್ಲಾದರೆ ಮಳೆಗಾಲಕ್ಕೆ ಒಳಗೊಂದು ಹಲಗೆ ನಿಲ್ಲಿಸಿ ಜಾಗ ಕಿರಿದು ಮಾಡುವುದು ಎಲ್ಲರೂ ಮಾಡುವ ಕೆಲಸ. ಅಕ್ಕ ಆರು ಹಲಗೆ ಕೊಯ್ಯಿಸಿ, ಅಳತೆಗೆ ಸರಿಯಾಗಿ ಹೆರೆಸಿ ಜಗಲಿಯಲ್ಲಿ ಒರಗಿಸಿ ಇಟ್ಟಿದ್ದರು. ರುಜು ಹಾಕಿದ ಕಾಗದವಿದೆಯಲ್ಲ, ಅದಕ್ಕೇ ನನ್ನನ್ನು ಕೇಳಿದ್ದು.

ಇಡಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಸರಕಾರಿ ಮನುಷ್ಯ. ಒಪ್ಪಂದ ಇದೆ, ಸ್ವಲ್ಪ ತಡೆಯಿರಿ, ಅನುಮತಿ ಕೇಳಿ ಬರೆಯುತ್ತೇನೆ ಎಂದೆ. ಉತ್ತರ ಬರುವವರೆಗೆ ಮಳೆ ತಡೆಯುತ್ತದೆಯೇ ಎಂದು ಅಕ್ಕ ಕೇಳಿದರು. ವ್ಯಂಗ್ಯವಾಗಿ ಅಲ್ಲ, ನನಗೆ ಗೊತ್ತಿರಬಹುದೆಂಬ ನಂಬಿಕೆಯಿಂದಲೇ ಕೇಳಿದರು. ಅಂದೇ ಬೆಂಗಳೂರಿಗೆ ಬರೆದೆ. ಆಗಸ್ಟಿನಲ್ಲಿ ನೆನಪೋಲೆ ಕಳಿಸಿದೆ. ಹಲಗೆಗಳು ಜಗಲಿಯಲ್ಲೇ ಇದ್ದವು.

ಉತ್ತರ ಬಂದದ್ದು ಸೆಪ್ಟೆಂಬರಿನಲ್ಲಿ, ಮಳೆ ಹಿಂದಾಗಿ ಬಿಸಿಲು ಕಾಣತೊಡಗಿದ ಮೇಲೆ. ಕಚೇರಿಯಲ್ಲಿ ಒಡೆದು ನೋಡದೆ ಲಕೋಟೆಯನ್ನು ಜೇಬಿಗೆ ಹಾಕಿಕೊಂಡು ಸೈಕಲ್ ಹತ್ತಿದೆ. ಒಳ್ಳೆಯ ಸುದ್ದಿಯೇ ಇರಬೇಕು, ಅಕ್ಕನ ಎದುರಿಗೇ ಒಡೆಯೋಣ ಎಂಬ ಆಸೆ. ಅಷ್ಟರಲ್ಲಿ ಆರರಲ್ಲಿ ಮೂರು ಪೆಟ್ಟಿಗೆ ಬರಿದಾಗಿದ್ದವು. ಎರಡರಲ್ಲಿ ನೊಣವಿತ್ತು, ರಾಣಿ ಇರಲಿಲ್ಲ. ಒಂದರಲ್ಲಿ ಮಾತ್ರ ರಾಣಿ ಉಳಿದಿತ್ತು, ಅದರಿಂದ ಒಂದು ಎರಿ ತೆಗೆದರೂ ಅದೂ ಸಾಯುವ ಸ್ಥಿತಿ.

ನಾನು ಹೋದಾಗ ವಾಚ್‌ಮ್ಯಾನ್ ಆಗಲೇ ಬಂದಿದ್ದ. ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಮೊಟ್ಟೆಯಿರುವ ಒಂದು ಚೌಕಟ್ಟು ತಂದಿದ್ದ. ಅಕ್ಕನ ಹಳೆಯ ಪೆಟ್ಟಿಗೆಗಳಲ್ಲಿ ಅವನ ಜೇನು ಹಲಗೆಯ ಮರೆಯಲ್ಲಿ ಮಳೆ ಕಳೆದು ಗಟ್ಟಿಯಾಗಿತ್ತು. ಅಕ್ಕ ಆ ಚೌಕಟ್ಟನ್ನು ಕಂಪನಿಯ ಪೆಟ್ಟಿಗೆಗೆ ಇಳಿಸಿ ನೋಡಿದ್ದರು. ಅಡ್ಡಪಟ್ಟಿ ಎರಡು ಬೆರಳು ಗಿಡ್ಡ, ತೂಗುಹಾಕಲು ಆಸರೆ ಸಿಗದೆ ಕೆಳಗೆ ಜಾರಿತು. ಉಳಿದ ದಾರಿ ಒಂದೇ. ಎರಿಯನ್ನು ಕೊಯ್ದು ಕಂಪನಿಯ ಚೌಕಟ್ಟಿಗೆ ಬಾಳೆನಾರಿನಲ್ಲಿ ಕಟ್ಟಿ ಇಳಿಸಬೇಕು. ಅದು ಒಪ್ಪಂದಕ್ಕೆ ವಿರುದ್ಧ. ಎರಿ ಹೊರಗೆ ಹೆಚ್ಚು ಹೊತ್ತು ಇದ್ದರೆ ಮೊಟ್ಟೆ ತಣ್ಣಗಾಗಿ ಕೆಡುತ್ತದೆ. ನಾನು ಜೇಬಿನಿಂದ ತೆಗೆದ ಲಕೋಟೆ ಕಂಡದ್ದೇ ಅಕ್ಕನ ಮುಖ ಅರಳಿತು. ಬೇಗ ಓದು ಎಂದರು.

ಇಂಗ್ಲಿಷಿನಲ್ಲಿತ್ತು. ನಾನು ನಿಂತೇ ಕನ್ನಡ ಮಾಡುತ್ತ ಹೋದೆ. ಕೋರಿಕೆಯನ್ನು ಪರಿಶೀಲಿಸಲಾಗಿದೆ, ಅನುಮತಿ ಕೊಡಲಾಗುವುದಿಲ್ಲ. ಕಾರಣವನ್ನೂ ಕೊಟ್ಟಿದ್ದರು. ಸಾಕುವವರಿಗೆ ಪೆಟ್ಟಿಗೆ ತಿದ್ದುವ ಸ್ವಾತಂತ್ರ್ಯ ಕೊಡುವುದೆಂದರೆ ಅವರ ಅಜ್ಞಾನಕ್ಕೆ ಅಧಿಕಾರ ಕೊಟ್ಟಂತೆ ಎಂಬುದು ಸ್ಥಳದ ಡೆಮಾನ್‌ಸ್ಟ್ರೇಟರರ ಅಭಿಪ್ರಾಯವೇ ಆಗಿದೆ. ನನ್ನ ವಾಕ್ಯ ಅಕ್ಷರ ಬಿಡದೆ ನನ್ನ ಮುಂದೆ ಇತ್ತು. ವಾಕ್ಯವನ್ನು ಓದಿದೆ, ಡೆಮಾನ್‌ಸ್ಟ್ರೇಟರ್ ಎಂಬ ಮಾತನ್ನು ನುಂಗಿಕೊಂಡೆ. ಅಜ್ಞಾನ ಎಂಬಲ್ಲಿ ನನ್ನ ದನಿ ತಗ್ಗಿತು.

ಎರಿಗೆ ಒದ್ದೆ ಬಟ್ಟೆಯನ್ನು ಮತ್ತೆ ಸುತ್ತುತ್ತ ಅಕ್ಕ, “ಇದ್ನ ಬರ್ದವ ಮಳೆಗಾಲಲಿ ಪೆಟ್ಟಿಗೆ ಬಿಚ್ಚಿ ನೋಡ್ದವ ಅಲ್ಲ,” ಎಂದರು. “ಯಾರ್ ಅವ?”

ಬೆಂಗಳೂರಿನವರು ಯಾರೋ ಎನ್ನಬಹುದಿತ್ತು. ಅಕ್ಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ವಾಚ್‌ಮ್ಯಾನಿಗೂ ಬರುತ್ತಿರಲಿಲ್ಲ. ಆ ಸುಳ್ಳು ನಾಲಗೆಯ ತುದಿಗೆ ಬಂದಿತ್ತು ಎಂಬುದನ್ನು ಇಲ್ಲಿ ಬಚ್ಚಿಡುವುದಿಲ್ಲ.

“ನಾನೇ ಅಕ್ಕ,” ಎಂದೆ. “ಹೋದ ವರ್ಷ ನಾನೇ ಬರ್ದದ್.”

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಒಳಗೆ ಹೋಗಿ ಚೂರಿ ತಂದು, ಹಿಡಿಯನ್ನು ನನ್ನ ಕಡೆ ಮಾಡಿ ನೀಡಿದರು.

“ನಾ ಕೊಯ್ದ್ರೆ ಮಾತ್ ತಪ್ಪಿದ್ದ್ ನಾ. ಬರ್ದದ್ ನೀ. ನೀನೇ ಕೊಯ್ಯಿ.”

ನಾನು ಕೊಯ್ದೆ. ಎರಿಯನ್ನು ಎರಡು ತುಂಡು ಮಾಡಿ, ಎರಡು ಚೌಕಟ್ಟಿಗೆ ಇಟ್ಟು ಹಿಡಿದೆ, ವಾಚ್‌ಮ್ಯಾನ್ ಬಾಳೆನಾರು ಸುತ್ತಿದ. ಅಕ್ಕ ಜಗಲಿಯಿಂದ ಹಲಗೆ ತಂದು ಕೊಟ್ಟರು, ಅವನ್ನೂ ನಾನೇ ಇಳಿಸಿದೆ. ಅವರು ಪೆಟ್ಟಿಗೆಗೆ ಕೈ ಹಚ್ಚಲಿಲ್ಲ. ಎರಡರಲ್ಲಿ ಒಂದು ಕುಟುಂಬ ರಾಣಿ ಮಾಡಿಕೊಂಡು ಬದುಕಿತು. ಇನ್ನೊಂದಕ್ಕೆ ತಡವಾಗಿತ್ತು. ಜುಲೈಯಲ್ಲೇ ಹಲಗೆ ಇಟ್ಟಿದ್ದರೆ ಆರೂ ಉಳಿಯುತ್ತಿದ್ದವು ಎಂದು ನಾನು ಆಣೆ ಮಾಡಲಾರೆ. ಆದರೆ ವಾಚ್‌ಮ್ಯಾನಿನ ಜೇನು ಉಳಿದಿತ್ತಲ್ಲ.

ತಪಾಸಣೆಯ ನಮೂನೆಯಲ್ಲಿ, ಪೆಟ್ಟಿಗೆಯನ್ನು ತಿದ್ದಲಾಗಿದೆಯೇ, ತಿದ್ದಿದವರು ಯಾರು ಎಂಬ ಎರಡು ಪ್ರಶ್ನೆಗಳಿದ್ದವು. ಹೌದು ಎಂದೂ ನನ್ನ ಹೆಸರನ್ನೂ ಬರೆದೆ. ಇಲಾಖೆ ವಿವರಣೆ ಕೇಳಿತು. ವಿವರಣೆಯ ಜೊತೆಗೆ, ಮೊದಲಿನ ಅಭಿಪ್ರಾಯ ತಪ್ಪು, ಅದನ್ನು ವಾಪಸು ಪಡೆಯುತ್ತೇನೆ ಎಂದೂ ಬರೆದೆ, ಈ ಸಲ ನಿಘಂಟು ಇಲ್ಲದೆ. ಅಭಿಪ್ರಾಯ ವಾಪಸು ಪಡೆಯಲು ನಿಯಮದಲ್ಲಿ ಅವಕಾಶವಿಲ್ಲ ಎಂದು ಉತ್ತರ ಬಂತು. ಕಂಪನಿಯವರು ಬಂದು ಪೆಟ್ಟಿಗೆಗಳನ್ನು ಮರ್ಯಾದೆಯಾಗಿಯೇ ಕೊಂಡೊಯ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ತಮ್ಮ ಪೆಟ್ಟಿಗೆಯನ್ನು ಯಾರೂ ಮುಟ್ಟಬಾರದೆಂದು ಅವರು ಮೊದಲೇ ಕಾಗದದಲ್ಲಿ ಹೇಳಿದ್ದರು. ಅದನ್ನು ಜ್ಞಾನವೆಂದು ಕರೆದವನು ನಾನು.

ಅಕ್ಕ ಉಳಿದ ಎರಡು ಕುಟುಂಬಗಳನ್ನು ಆಚಾರಿ ಮಾಡಿದ ಪೆಟ್ಟಿಗೆಗೆ ಹಾಕಿಕೊಂಡರು. ಸಂದು ಸರಿಯಿರಲಿಲ್ಲ, ಅರಗು ಮೆತ್ತಿದ್ದರು. ನಾಲ್ಕು ವರ್ಷದಲ್ಲಿ ಮತ್ತೆ ಆರಾದವು. ನಮ್ಮ ನಡುವೆ ಏನೂ ಕೆಡಲಿಲ್ಲ. ಹಬ್ಬಕ್ಕೆ ಕರೆಯುತ್ತಿದ್ದರು, ಮನೆಯಿಂದ ಹೊರಡುವಾಗ ಒಂದು ಬಾಟಲಿ ಜೇನು ಕಟ್ಟಿಕೊಡುತ್ತಿದ್ದರು, ನನ್ನ ಮಕ್ಕಳ ಹೆಸರು ಹಿಡಿದು ವಿಚಾರಿಸುತ್ತಿದ್ದರು. ಜೇನಿನ ವಿಷಯಕ್ಕೆ ಬಂದರೆ, ನನ್ನ ಎದುರಿನಲ್ಲೇ, ವಾಚ್‌ಮ್ಯಾನನ್ನು ಕೇಳುತ್ತಿದ್ದರು.